ಮಂಜೇಶ್ವರ: ಗಡಿಯ ಮೇಲೆ ನಿಂತ ಒಂದು ಮತಕ್ಷೇತ್ರ

1957ರ ಫೆಬ್ರವರಿ 28ರಿಂದ ಮಾರ್ಚ್ 11ರವರೆಗೆ ಕೇರಳ ತನ್ನ ಮೊದಲ ವಿಧಾನಸಭೆಗೆ ಮತ ಹಾಕಿತು. ರಾಜ್ಯ ಹುಟ್ಟಿ ಆಗಿನ್ನೂ ನಾಲ್ಕು ತಿಂಗಳು. ಕಮ್ಯುನಿಸ್ಟರು ಅಧಿಕಾರಕ್ಕೆ ಬರುತ್ತಾರೆಯೇ ಎಂದು ದೇಶವೇ ಕಾದು ಕುಳಿತಿತ್ತು. ಏಪ್ರಿಲ್ 5ರಂದು ಇ.ಎಂ.ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯೂ ಆದರು. ಆದರೆ ಆ ರಾಜ್ಯದ ಉತ್ತರದ ತುದಿಯ ಮಂಜೇಶ್ವರದಲ್ಲಿ ಶಾಸಕರನ್ನು ಆರಿಸಲು ಯಾರೂ ಸಾಲು ನಿಲ್ಲಬೇಕಾಗಿ ಬರಲಿಲ್ಲ. ಸ್ವತಂತ್ರ ಅಭ್ಯರ್ಥಿ ಎಂ. ಉಮೇಶ ರಾವ್ ಅವರ ಎದುರು ಕಣದಲ್ಲಿ ಯಾರೂ ಉಳಿಯದೆ ಅವರು ಅವಿರೋಧವಾಗಿ ಆಯ್ಕೆಯಾದರು.

ಇದೇ ಕ್ಷೇತ್ರದಲ್ಲಿ 2016ರ ಮೇ ತಿಂಗಳಲ್ಲಿ ಒಂದು ಲಕ್ಷದ ಐವತ್ತು ಸಾವಿರಕ್ಕೂ ಹೆಚ್ಚು ಜನ ಮತ ಹಾಕಿದರು. ಸೋಲು ಗೆಲುವಿನ ನಡುವೆ ಉಳಿದದ್ದು 89 ಮತ. ಅವಿರೋಧದಿಂದ 89ಕ್ಕೆ ಬಂದು ಮುಟ್ಟಿದ ಈ ಅರುವತ್ತು ವರ್ಷಗಳಲ್ಲಿ ಅಲ್ಲಿನ ಜನ ಮತ ಹಾಕುವಾಗ ಮನಸ್ಸಿನಲ್ಲಿ ಇಟ್ಟುಕೊಂಡ ಪ್ರಶ್ನೆ ಎರಡು ಸಲ ಬದಲಾಗಿದೆ. ಮೊದಲು ಭಾಷೆ, ಆಮೇಲೆ ಭೂಮಿ, ಆಮೇಲೆ ಸಮುದಾಯ. ಕರ್ನಾಟಕದಲ್ಲಿ ಕುಳಿತು ಕಾಸರಗೋಡಿನ ಬಗ್ಗೆ ಮಾತಾಡುವ ನಾವು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ. ನಡುವಿನದ್ದನ್ನು ತಿಳಿಯದೆ ಇಂದಿನ ಮಂಜೇಶ್ವರ ಅರ್ಥವಾಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಮಂಗಳೂರಿನಿಂದ ತಲಪಾಡಿ ಗೇಟು ದಾಟಿದರೆ ಕ್ಷೇತ್ರ ಶುರುವಾಗುತ್ತದೆ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ: ಈಗ ಇರುವುದು ಈ ಎಂಟು ಪಂಚಾಯತುಗಳು. ಕಡಲ ಬದಿಯಲ್ಲಿ ಮೀನುಗಾರರು, ರೈಲು ಹಳಿಯ ಮತ್ತು ಹೆದ್ದಾರಿಯ ಬದಿಯಲ್ಲಿ ಉಪ್ಪಳ, ಹೊಸಂಗಡಿಗಳ ಪೇಟೆ, ಒಳಗೆ ಹೋದಂತೆ ಅಡಿಕೆ ತೋಟ, ಗೇರುಗುಡ್ಡೆ. ತುಳು, ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಕರೆಯುವುದು ಬರಿಯ ಭಾಷಣದ ಮಾತಲ್ಲ. ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವನು. ಉದ್ಯಾವರದ ಅರಸು ಮಂಜಿಷ್ಣಾರ್ ದೈವಗಳ ಕ್ಷೇತ್ರದವರು ವರ್ಷಂಪ್ರತಿ ಜಾತ್ರೆಗೆ ಮೊದಲು ಸಾವಿರ ಜಮಾಅತ್ ಮಸೀದಿಗೆ ಹೋಗಿ ಆಮಂತ್ರಣ ಕೊಟ್ಟು ಬರುತ್ತಾರೆ. ಚುನಾವಣೆ ಎಷ್ಟೇ ಬಿಸಿಯಾಗಿ ನಡೆದ ವರ್ಷದಲ್ಲೂ ಈ ಕ್ರಮ ತಪ್ಪಿಲ್ಲ ಎಂದು ಊರವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಬ್ರಿಟಿಷರ ಕಾಲದಲ್ಲಿ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಕೋರ್ಟು, ಕಾಲೇಜು, ಆಸ್ಪತ್ರೆ, ಪತ್ರಿಕೆ ಎಲ್ಲಕ್ಕೂ ಮಂಗಳೂರೇ ಪೇಟೆ. 1948ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಾಸರಗೋಡಿನಲ್ಲೇ ನಡೆದಿತ್ತು. ಹೀಗಿರುವಾಗ 1953ರ ಕೊನೆಯಲ್ಲಿ ನೇಮಕವಾದ ಫಜಲ್ ಅಲಿ, ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟು, ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕೆಂದಿತು. ತಾಲೂಕನ್ನು ಇಡಿಯಾಗಿ ಲೆಕ್ಕ ಹಾಕಿದರೆ ಮಲಯಾಳಿಗಳೇ ಹೆಚ್ಚು. ಅದರಲ್ಲಿ ತಪ್ಪೇನೂ ಇರಲಿಲ್ಲ. ಕನ್ನಡಿಗರ ತಕರಾರು ಇದ್ದದ್ದು ಲೆಕ್ಕದ ಘಟಕದ ಬಗ್ಗೆ. ತಾಲೂಕಿನ ನಡುವೆ ಹರಿಯುವ ಚಂದ್ರಗಿರಿ ಹೊಳೆಯ ದಕ್ಷಿಣಕ್ಕೆ ಮಲಯಾಳ ದಟ್ಟವಾಗಿದೆ, ಉತ್ತರಕ್ಕೆ ಹಾಗಿಲ್ಲ. ಹೊಳೆಯನ್ನೇ ಗಡಿ ಮಾಡಿ ಎಂದು ಅವರು ಕೇಳಿದರು. ಕೇಳಿದ್ದು ಆಗಲಿಲ್ಲ. 1956ರ ನವೆಂಬರ್ 1ರಂದು ಇಡೀ ತಾಲೂಕು ಕೇರಳಕ್ಕೆ ಸೇರಿತು.

ಮಂಜೇಶ್ವರದ ಮನೆಯಲ್ಲಿದ್ದ ಗೋವಿಂದ ಪೈಗಳಿಗೆ ಆಗ 73 ವರ್ಷ. ಮದ್ರಾಸ್ ಸರ್ಕಾರ 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ್ದ, 1951ರ ಮುಂಬೈ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಹಿರಿಯರು. ಮನೆ ಬದಲಿಸದೆ, ಅಂಗಳ ದಾಟದೆ, ಅವರು ಇನ್ನೊಂದು ರಾಜ್ಯದ ನಿವಾಸಿಯಾದರು. ಇದು ಅವರೊಬ್ಬರ ಅನುಭವವಲ್ಲ. ಮರುದಿನದಿಂದ ತಾಲೂಕು ಕಚೇರಿಯ ಕಾಗದಪತ್ರ ಯಾವ ಭಾಷೆಯಲ್ಲಿ, ಮಗನ ಎಸ್ಸೆಸ್ಸೆಲ್ಸಿ ಯಾವ ಬೋರ್ಡಿನಲ್ಲಿ, ಕೆಲಸಕ್ಕೆ ಅರ್ಜಿ ಹಾಕುವುದು ಎಲ್ಲಿಗೆ ಎಂಬ ಪ್ರಶ್ನೆಗಳು ಮನೆಮನೆಯ ಜಗಲಿಗೆ ಬಂದವು.

ಈ ಜನರನ್ನು ಯಾರೂ ನಿಮಗೆ ಯಾವ ರಾಜ್ಯ ಬೇಕು ಎಂದು ಮತಪತ್ರ ಕೊಟ್ಟು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳಲು ಅವರಿಗೆ ಸಿಕ್ಕಿದ ಜಾಗ ಒಂದೇ, ವಿಧಾನಸಭೆಯ ಈ ಸ್ಥಾನ. 1959ರ ಜುಲೈ 31ರಂದು ಕೇಂದ್ರ ಸರ್ಕಾರ ಇ.ಎಂ.ಎಸ್. ಸರ್ಕಾರವನ್ನು ವಜಾ ಮಾಡಿತು. 1960ರ ಫೆಬ್ರವರಿಯ ಚುನಾವಣೆಯಲ್ಲಿ ಕೇರಳ ಎರಡು ಹೋಳು: ಒಂದು ಕಡೆ ಕಮ್ಯುನಿಸ್ಟರು, ಇನ್ನೊಂದು ಕಡೆ ಕಾಂಗ್ರೆಸ್ಸು, ಪ್ರಜಾ ಸೋಷಲಿಸ್ಟ್ ಪಕ್ಷ, ಮುಸ್ಲಿಂ ಲೀಗ್ ಕೂಡಿದ ಕೂಟ. ಅಂಥ ಹೊಯ್ಲಿನ ನಡುವೆಯೂ ಮಂಜೇಶ್ವರ ಎರಡೂ ಕಡೆಗೆ ವಾಲಲಿಲ್ಲ. ಈ ನೆಲ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡುತ್ತಿದ್ದ ಕರ್ನಾಟಕ ಸಮಿತಿಯ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಆರಿಸಿ ಕಳಿಸಿತು. ವೃತ್ತಿಯಿಂದ ವಕೀಲರಾದ ಭಂಡಾರಿಯವರು 1965ರಲ್ಲಿ ಮತ್ತೆ ಗೆದ್ದರು. ಆ ಸಲ ಯಾರಿಗೂ ಬಹುಮತ ಬರದೆ ವಿಧಾನಸಭೆ ಒಂದು ದಿನವೂ ಸೇರದೆ ವಿಸರ್ಜನೆಯಾಯಿತು. 1967ರಲ್ಲಿ ಮೂರನೆಯ ಸಲವೂ ಅವರೇ. ಆ ವರ್ಷ ಪಕ್ಕದ ಕಾಸರಗೋಡು ಕ್ಷೇತ್ರವೂ ಯು.ಪಿ. ಕುಣಿಕುಳ್ಳಾಯ ಎಂಬ ಸ್ವತಂತ್ರ ಅಭ್ಯರ್ಥಿಯನ್ನು, ಕನ್ನಡದ ಹೋರಾಟಗಾರರನ್ನು, ಗೆಲ್ಲಿಸಿತು.

ಅದೇ 1967ರ ಆಗಸ್ಟಿನಲ್ಲಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ತನ್ನ ವರದಿಯನ್ನು ಕೊಟ್ಟಿತು. ಆಯೋಗ ಹುಟ್ಟಿದ್ದು ಬೆಳಗಾವಿಯ ಕಾರಣಕ್ಕೆ, ಮಹಾರಾಷ್ಟ್ರದ ಒತ್ತಾಯದಿಂದ. ಆದರೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಮಹಾಜನ್ ಕಾಸರಗೋಡಿನ ವಿಷಯವನ್ನೂ ಪರಿಶೀಲಿಸಿ, ಚಂದ್ರಗಿರಿ-ಪಯಸ್ವಿನಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಶಿಫಾರಸು ಮಾಡಿದರು. ಹೊಳೆಯೇ ಗಡಿ ಎಂಬ ಹಳೆಯ ಬೇಡಿಕೆಗೆ ಹನ್ನೊಂದು ವರ್ಷ ತಡವಾಗಿ ಸಿಕ್ಕ ಒಪ್ಪಿಗೆ ಇದು. ಕೇರಳ ಅದನ್ನು ಒಪ್ಪಲಿಲ್ಲ, ಬೆಳಗಾವಿ ಸಿಗಲಿಲ್ಲವೆಂದು ಮಹಾರಾಷ್ಟ್ರವೂ ಒಪ್ಪಲಿಲ್ಲ. ಮಹಾಜನ್ ವರದಿಯೇ ಅಂತಿಮ ಎಂದು ಬೆಂಗಳೂರು ಇಂದಿಗೂ ಹೇಳುತ್ತದೆ. ಆದರೆ ಆ ಮಾತು ಬೆಳಗಾವಿಯನ್ನು ಉಳಿಸಿಕೊಳ್ಳುವ ಗುರಾಣಿಯಾಗಿ ಬಳಕೆಯಾದಷ್ಟು ಮಂಜೇಶ್ವರವನ್ನು ಕೇಳುವ ದನಿಯಾಗಿ ಬಳಕೆಯಾಗಲಿಲ್ಲ. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

ಇನ್ನು ಭೂಮಿಯ ಕಥೆ. ಇದು ನಿಧಾನವಾಗಿ ಹೇಳಬೇಕಾದದ್ದು.

ಹಳೆಯ ದಕ್ಷಿಣ ಕನ್ನಡದಲ್ಲಿ ಗೇಣಿ ಎರಡು ಬಗೆ. ಮೂಲಗೇಣಿಯವನಿಗೆ ಭೂಮಿ ತಲೆತಲಾಂತರಕ್ಕೆ ಭದ್ರ. ಚಾಲಗೇಣಿಯವನದು ವರ್ಷ ವರ್ಷದ ಲೆಕ್ಕ. ಚಾಲಗೇಣಿ ಒಕ್ಕಲು ಕೊಯ್ಲು ಮುಗಿದ ಮೇಲೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಗಳನ್ನು ಹೊತ್ತು ಧಣಿಯ ಚಾವಡಿಗೆ ಹಾಕಬೇಕು. ಬೆಳೆ ಕೈಕೊಟ್ಟ ವರ್ಷವೂ ಗೇಣಿ ತಪ್ಪುವಂತಿಲ್ಲ. ಧಣಿಗೆ ಮನಸ್ಸು ಕೆಟ್ಟರೆ ಮುಂದಿನ ವರ್ಷ ಆ ಗದ್ದೆ ಇನ್ನೊಬ್ಬನಿಗೆ. ಹೀಗಾಗಿ ತಾನೇ ನೆಟ್ಟ ತೆಂಗಿನ ಸಸಿಯ ಫಲ ತನಗೆ ಸಿಗುವ ಧೈರ್ಯ ಒಕ್ಕಲಿಗೆ ಇರಲಿಲ್ಲ. ಧಣಿಗಳಲ್ಲಿ ಕನ್ನಡದ ಚಳವಳಿಗೆ ಬೆನ್ನೆಲುಬಾಗಿ ನಿಂತವರೂ ಇದ್ದರು, ಒಕ್ಕಲುಗಳಲ್ಲಿ ತುಳು ಮಾತಾಡುವವರೂ ಬ್ಯಾರಿಗಳೂ ಇದ್ದರು. ಭಾಷೆಯ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬಹುದಾದವರು ಭೂಮಿಯ ಪ್ರಶ್ನೆಯಲ್ಲಿ ಎದುರುಬದುರು.

ಇ.ಎಂ.ಎಸ್. ಸರ್ಕಾರ 1959ರಲ್ಲಿ ಅಂಗೀಕರಿಸಿದ ಕೃಷಿ ಸಂಬಂಧಗಳ ಮಸೂದೆ ತಿದ್ದುಪಡಿಗಳೊಂದಿಗೆ 1961ರಲ್ಲಿ ಕಾಯ್ದೆಯಾಯಿತು. ಅದರ ವಿರುದ್ಧ ಹೊಸದುರ್ಗ, ಕಾಸರಗೋಡು ತಾಲೂಕುಗಳ ಭೂಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಕರಿಂಬಿಲ್ ಕುಂಞಿಕೋಮನ್ ಪ್ರಕರಣವೆಂದು ಪ್ರಸಿದ್ಧವಾದ ಆ ಮೊಕದ್ದಮೆಯ ತೀರ್ಪು 1961ರ ಡಿಸೆಂಬರ್ 5ರಂದು ಬಂತು. ಈ ಎರಡು ತಾಲೂಕುಗಳು ಮದ್ರಾಸಿನಿಂದ ಬಂದವು, ಇಲ್ಲಿನದು ರೈತವಾರಿ ಭೂಮಿ. ಸಂವಿಧಾನದ 31ಎ ವಿಧಿ ಭೂಸುಧಾರಣೆಗೆ ಕೊಡುವ ರಕ್ಷಣೆ ‘ಎಸ್ಟೇಟ್’ ಎನಿಸಿದ ಭೂಮಿಗೆ ಮಾತ್ರ, ರೈತವಾರಿ ಭೂಮಿ ಇಲ್ಲಿ ಎಸ್ಟೇಟ್ ಅಲ್ಲ ಎಂದಿತು ನ್ಯಾಯಾಲಯ. ಜೊತೆಗೆ ಇನ್ನೊಂದು ಅಂಶವನ್ನೂ ಎತ್ತಿ ತೋರಿಸಿತು: ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟ ಕಾಯ್ದೆ ಅಡಿಕೆ, ಕಾಳುಮೆಣಸಿನ ತೋಟಗಳಿಗೆ ಕೊಟ್ಟಿಲ್ಲ, ಇದು ಸಮಾನತೆಗೆ ವಿರುದ್ಧ. ಈ ತಾಲೂಕುಗಳ ರೈತವಾರಿ ಭೂಮಿಯ ಮಟ್ಟಿಗೆ ಕಾಯ್ದೆ ಬಿದ್ದುಹೋಯಿತು.

ಕೇರಳದ ಮೂಲೆಯೊಂದರ ಈ ಅಡಿಕೆ ತೋಟಗಳ ತೀರ್ಪು ದಿಲ್ಲಿಯನ್ನು ಅಲುಗಾಡಿಸಿತು. 1964ರಲ್ಲಿ ಸಂಸತ್ತು ಸಂವಿಧಾನಕ್ಕೆ 17ನೆಯ ತಿದ್ದುಪಡಿ ತಂದು ರೈತವಾರಿ ಭೂಮಿಯನ್ನೂ ‘ಎಸ್ಟೇಟ್’ ಎಂಬುದರೊಳಗೆ ಸೇರಿಸಿತು. ಕೇರಳ ಹೊಸ ಭೂಸುಧಾರಣಾ ಕಾಯ್ದೆ ಮಾಡಿ, 1969ರಲ್ಲಿ ಅದಕ್ಕೆ ಬಲವಾದ ತಿದ್ದುಪಡಿ ತಂದಿತು. 1970ರ ಜನವರಿ 1ರಿಂದ ರಾಜ್ಯದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು. ಚಾಲಗೇಣಿ ಒಕ್ಕಲು ಧಣಿಯ ಚಾವಡಿಗೆ ಅಕ್ಕಿಮುಡಿ ಹೊರುವುದು ನಿಂತಿತು. ಆ ಕಾಯ್ದೆಯ ವಿರುದ್ಧ ಪಕ್ಕದ ಕಾಸರಗೋಡು ಕ್ಷೇತ್ರದ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಲ್ಲಿ ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂದರು. ಭಾರತದ ಸಂವಿಧಾನದ ಇಷ್ಟು ದೊಡ್ಡ ಎರಡು ಅಧ್ಯಾಯಗಳು ಕನ್ನಡ ಬಲ್ಲ ಈ ಚಿಕ್ಕ ನೆಲದ ಅಡಿಕೆ ತೋಟ, ಮಠದ ಉಂಬಳಿಗಳಿಂದ ಹೊರಟವು ಎಂಬುದನ್ನು ನಮ್ಮ ಶಾಲಾ ಪುಸ್ತಕಗಳು ಇನ್ನಷ್ಟು ಹೆಮ್ಮೆಯಿಂದ ಹೇಳಬೇಕು.

1970ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಮಂಜೇಶ್ವರ ಸಿ.ಪಿ.ಐ.ನ ಎಂ. ರಾಮಪ್ಪ ಅವರನ್ನು ಗೆಲ್ಲಿಸಿತು. ಗೇಣಿ ರದ್ದಾಗಿ ಒಂಬತ್ತು ತಿಂಗಳೂ ಆಗಿರಲಿಲ್ಲ. ಇದೊಂದೇ ಕಾರಣ ಎನ್ನಲಾಗದು, ಆದರೆ ಇದನ್ನು ಬಿಟ್ಟು ಆ ಫಲಿತಾಂಶವನ್ನು ವಿವರಿಸಲೂ ಆಗದು. ತಲಪಾಡಿಯ ಆಚೆ ಕರ್ನಾಟಕದ ಒಕ್ಕಲುಗಳು ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿಗಾಗಿ 1974ರ ಮಾರ್ಚಿನವರೆಗೆ ಕಾಯಬೇಕಾಯಿತು; ಈಚೆಗಿನವರಿಗೆ ಹಕ್ಕು ನಾಲ್ಕು ವರ್ಷ ಮೊದಲೇ ಬಂತು. ಕರ್ನಾಟಕಕ್ಕೆ ಸೇರಬೇಕೆಂಬ ಆಸೆ ಒಕ್ಕಲಿನ ಮನಸ್ಸಿನಲ್ಲಿ ಸತ್ತಿರಲಿಲ್ಲ. ಆದರೆ ತಿರುವನಂತಪುರದ ಸರ್ಕಾರ ತನ್ನ ಹೆಸರಿಗೆ ಭೂಮಿ ಬರೆದುಕೊಟ್ಟಿತು ಎಂಬುದನ್ನು ಅವನು ಮರೆಯಲು ಹೇಗೆ ಸಾಧ್ಯ? ಕರ್ನಾಟಕ ಸಮಿತಿಯ ನೆಲ ಕುಸಿದದ್ದು ಇಲ್ಲಿ ಎಂದು ನಾನು ತಿಳಿಯುತ್ತೇನೆ. ರಾಮಪ್ಪ 1977ರಲ್ಲಿ ಮತ್ತೆ ಗೆದ್ದರು. ಆಮೇಲೆ 1980, 1982ರಲ್ಲಿ ಅದೇ ಪಕ್ಷದ ಡಾ. ಎ. ಸುಬ್ಬರಾವ್; ಅವರು ಇ.ಕೆ. ನಾಯನಾರ್ ಅವರ ಮೊದಲ ಸಂಪುಟದಲ್ಲಿ ನೀರಾವರಿ ಮಂತ್ರಿಯೂ ಆದರು. ಎ.ಕೆ. ಗೋಪಾಲನ್ ಅವರಂಥವರು ಪ್ರತಿನಿಧಿಸಿದ್ದ ಕಾಸರಗೋಡು ಲೋಕಸಭಾ ಕ್ಷೇತ್ರದಿಂದ ಸಿ.ಪಿ.ಎಂ.ನ ರಾಮಣ್ಣ ರೈ, ಕಾಂಗ್ರೆಸ್ಸಿನ ಐ. ರಾಮ ರೈ ದಿಲ್ಲಿಗೆ ಹೋದದ್ದೂ ಈ ಹೊತ್ತಿನಲ್ಲೇ. ತುಳು-ಕನ್ನಡದವರು ಕೇರಳದ ಪಕ್ಷಗಳ ಒಳಗೇ ಜಾಗ ಮಾಡಿಕೊಳ್ಳತೊಡಗಿದ್ದರು.

1984ರ ಮೇ 24ರಂದು ಕಣ್ಣೂರಿನಿಂದ ಬೇರ್ಪಟ್ಟು ಕಾಸರಗೋಡು ಜಿಲ್ಲೆಯಾಯಿತು. ಭೂಮಿಯ ಪ್ರಶ್ನೆ ಬಗೆಹರಿದ ಮೇಲೆ ಎಡಪಕ್ಷಗಳಿಗೆ ಇಲ್ಲಿ ತಮ್ಮದೇ ಆದ ಪ್ರಶ್ನೆ ಉಳಿಯಲಿಲ್ಲ. 1987ರಲ್ಲಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಗೆದ್ದರು. 1991, 1996, 2001ರಲ್ಲೂ ಅವರೇ. ಎ.ಕೆ. ಆಂಟನಿ ಸರ್ಕಾರದಲ್ಲಿ ಸ್ಥಳೀಯಾಡಳಿತ ಮಂತ್ರಿಯಾದರು. ಎದುರಾಳಿಯ ಜಾಗಕ್ಕೆ ಬಿ.ಜೆ.ಪಿ. ಬಂತು. 1991ರಲ್ಲಿ ಅದರ ಕೆ.ಜಿ. ಮಾರಾರ್ 1,072 ಮತಗಳಿಂದ ಸೋತರು. ಕೇರಳದ ಉಳಿದೆಡೆ ಎಡರಂಗ, ಐಕ್ಯರಂಗಗಳ ಸರದಿಯ ಆಟ ನಡೆಯುತ್ತಿದ್ದರೆ ಮಂಜೇಶ್ವರದಲ್ಲಿ ಲೀಗು ಮತ್ತು ಬಿ.ಜೆ.ಪಿ. ಮುಖಾಮುಖಿಯಾದವು. 2006ರಲ್ಲಿ ಸಿ.ಪಿ.ಎಂ.ನ ಸಿ.ಎಚ್. ಕುಂಞಂಬು ಗೆದ್ದದ್ದು ಈ ನಡುವೆ ಬಂದ ಒಂದು ಬಿಡುವು. ಆಗಲೂ ಎರಡನೆಯ ಸ್ಥಾನ ಬಿ.ಜೆ.ಪಿ.ಯದೇ.

ಈ ಲೆಕ್ಕಾಚಾರದ ವರ್ಷಗಳಲ್ಲೇ ಎಣ್ಮಕಜೆಯ ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು. ಸರ್ಕಾರಿ ಸ್ವಾಮ್ಯದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳಿಗೆ ಎಪ್ಪತ್ತರ ದಶಕದ ನಡುವಿನಿಂದ 2000ದವರೆಗೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಸ್ವರ್ಗ, ಪಡ್ರೆ, ವಾಣಿನಗರದ ಕಡೆ ತೋಡು, ಸುರಂಗ, ಬಾವಿಗಳ ನೀರಿಗೆಲ್ಲ ಅದು ಇಳಿಯಿತು. ಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ತೊಂದರೆಗಳನ್ನು ಊರಿನ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಗಮನಿಸಿದರು, ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ ಬರೆದರು. ಈ ಕೂಗು ಮೊದಲು ಎದ್ದದ್ದು ಕನ್ನಡ ಮಾತಾಡುವ ಮನೆಗಳಿಂದ. ರಾಜಧಾನಿಯಿಂದ ಇಷ್ಟು ದೂರದ, ಬೇರೆ ಭಾಷೆಯ ಮೂಲೆಯಲ್ಲದಿದ್ದರೆ ಇಪ್ಪತ್ತೈದು ವರ್ಷ ಹೀಗೆ ನಡೆಯುತ್ತಿತ್ತೇ ಎಂದು ಅಲ್ಲಿನವರು ಕೇಳುತ್ತಾರೆ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ.

ಆ ವರ್ಷದ ಚುನಾವಣೆಯಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಬಿ.ಜೆ.ಪಿ.ಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದರು. 2016ರಲ್ಲಿ ಮತ್ತೆ ಇವರಿಬ್ಬರೇ: ರಜಾಕ್ 56,870, ಸುರೇಂದ್ರನ್ 56,781. ಸತ್ತವರ, ವಿದೇಶದಲ್ಲಿರುವವರ ಹೆಸರಿನಲ್ಲಿ ಮತ ಬಿದ್ದಿದೆ ಎಂದು ಸೋತವರು ಹೈಕೋರ್ಟಿಗೆ ಹೋದರು. ಮತದಾರರಿಗೆ ಕೋರ್ಟಿನಿಂದ ಸಮನ್ಸ್ ಬಂತು. ಮೊಕದ್ದಮೆ ನಡೆಯುತ್ತಿದ್ದಂತೆಯೇ 2018ರ ಅಕ್ಟೋಬರಿನಲ್ಲಿ ರಜಾಕ್ ತೀರಿಕೊಂಡರು. ಮರುವರ್ಷ ಅರ್ಜಿಯನ್ನೂ ಹಿಂತೆಗೆದುಕೊಳ್ಳಲಾಯಿತು. 2019ರ ಅಕ್ಟೋಬರಿನ ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಕಮರುದ್ದೀನ್ ಗೆದ್ದರು. ಆ ಸಲ ಬಿ.ಜೆ.ಪಿ. ರವೀಶ ತಂತ್ರಿ ಕುಂಟಾರು ಅವರನ್ನು, ಸಿ.ಪಿ.ಎಂ. ಶಂಕರ ರೈ ಅವರನ್ನು ನಿಲ್ಲಿಸಿದ್ದವು. ಇಬ್ಬರೂ ತುಳು-ಕನ್ನಡದ ನೆಲದವರೇ. ಕನ್ನಡದ ಹೆಸರಿನ ಪಕ್ಷ ಮಾಯವಾಗಿದ್ದರೂ ಕನ್ನಡ ಬಲ್ಲ ಅಭ್ಯರ್ಥಿ ಬೇಕು ಎಂಬ ಲೆಕ್ಕ ಉಳಿದಿತ್ತು. ಇಲ್ಲಿನ ಮತಪತ್ರದಲ್ಲಿ ಮಲಯಾಳದ ಜೊತೆ ಕನ್ನಡವೂ ಅಚ್ಚಾಗುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನಿನಲ್ಲಿ ಕರ್ನಾಟಕ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿಯಲಾಯಿತು. ಮಂಜೇಶ್ವರದವರಿಗೆ ಡಯಾಲಿಸಿಸ್ಸಿಗೂ ಹೆರಿಗೆಗೂ ಎದೆನೋವಿಗೂ ಇರುವುದು ಮಂಗಳೂರಿನ ಆಸ್ಪತ್ರೆಗಳು. ಆಂಬುಲೆನ್ಸುಗಳು ತಲಪಾಡಿಯಲ್ಲಿ ನಿಂತವು. ಚಿಕಿತ್ಸೆ ಸಿಗದೆ ಹಲವು ರೋಗಿಗಳು ತೀರಿಕೊಂಡರೆಂದು ವರದಿಗಳಾದವು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ಹೆದ್ದಾರಿಯ ತಡೆ ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳನ್ನು ಬಿಡುವ ಒಪ್ಪಂದ ಏಪ್ರಿಲ್ 7ರ ಹೊತ್ತಿಗೆ ಆಯಿತು. ಸೋಂಕಿನ ಭಯ ನಿಜವಾಗಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೂ ಮಹಾಜನ್ ವರದಿಯ ಪ್ರಕಾರ ಯಾರು ನಮ್ಮವರೆಂದು ಐವತ್ತು ವರ್ಷ ಹೇಳಿಕೊಂಡು ಬಂದೆವೋ, ಅವರ ದಾರಿಗೆ ಮಣ್ಣು ಸುರಿದದ್ದು ಕನ್ನಡದ ಸರ್ಕಾರವೇ. ಈ ಸಂಕಟವನ್ನು ಮಂಜೇಶ್ವರ ಮರೆತಿಲ್ಲ, ನಾವೂ ಮರೆಯಬಾರದು.

ಅದರ ಮರುವರ್ಷದ ಚುನಾವಣೆಯಲ್ಲಿ ಲೀಗಿನ ಎ.ಕೆ.ಎಂ. ಅಶ್ರಫ್ 65,758 ಮತ ಪಡೆದು ಸುರೇಂದ್ರನ್ ಅವರನ್ನು 745 ಮತಗಳಿಂದ ಸೋಲಿಸಿದರು. 2021ರ ಮೇ 24ರಂದು ಕೇರಳ ವಿಧಾನಸಭೆಯಲ್ಲಿ ಅಶ್ರಫ್ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ. ಮಹಾಬಲ ಭಂಡಾರಿಯವರ ಸಮಿತಿ ಎಂದೋ ಕರಗಿದ್ದರೂ ಕನ್ನಡ ಹೀಗೆ ಇನ್ನೊಂದು ಪಕ್ಷದ, ಇನ್ನೊಂದು ಸಮುದಾಯದ ಶಾಸಕರ ಬಾಯಲ್ಲಿ ಸದನಕ್ಕೆ ಬಂತು. ಭಾಷೆ ಒಂದು ಪಕ್ಷದ ಸೊತ್ತಾಗಿ ಉಳಿಯದೆ ಹೋದದ್ದು ಸೋಲೆಂದು ನನಗೆ ಅನಿಸುವುದಿಲ್ಲ.

ಈಗ ಅಲ್ಲಿ ನಕಾಶೆಗಿಂತ ಹೆಚ್ಚು ಮಾತಿಗೆ ಬರುವುದು ದಿನನಿತ್ಯದ ಹಕ್ಕು. ಕನ್ನಡ, ತಮಿಳು ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಡುತ್ತದೆ. 2017ರಲ್ಲಿ ಎಲ್ಲ ಶಾಲೆಗಳಲ್ಲೂ ಮಲಯಾಳ ಕಲಿಕೆ ಕಡ್ಡಾಯವಾದಾಗ ಕನ್ನಡಿಗರು ಬೀದಿಗಿಳಿದರು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದಾಗ ತಂದೆತಾಯಂದಿರೂ ಮಕ್ಕಳೂ ಗೇಟಿನ ಎದುರು ಕುಳಿತದ್ದು ಕಾಸರಗೋಡಿನಲ್ಲಿ ಒಂದೆರಡು ಸಲವಲ್ಲ. ಗಣಿತದ ಪಾಠ ಅರ್ಥವಾಗದೆ ಕುಳಿತ ಎಂಟನೆಯ ತರಗತಿಯ ಮಗುವಿಗೆ ಬೇಕಾದದ್ದು ಕನ್ನಡ ಬಲ್ಲ ಒಬ್ಬ ಮಾಸ್ತರರು. ಪಂಚಾಯತು ಕಚೇರಿಗೆ ಪಿಂಚಣಿ ಅರ್ಜಿ ಹಿಡಿದು ಬಂದ ಪೈವಳಿಕೆಯ ಅಜ್ಜಿಗೆ ಬೇಕಾದದ್ದು ಕನ್ನಡ ಓದಬಲ್ಲ ಒಬ್ಬ ಗುಮಾಸ್ತ. ಮುಂದಿನ ಶಾಸಕರು ಯಾವ ಪಕ್ಷದವರೇ ಆಗಲಿ, ಎಷ್ಟೇ ಮತಗಳಿಂದ ಗೆದ್ದು ಬರಲಿ, ಅವರ ಮೇಜಿನ ಮೇಲೆ ಮೊದಲು ಬಂದು ಕೂರುವ ಅರ್ಜಿಗಳು ಇವೇ.